ಶೇಂಗಾ ಇಲ್ಲದ ಎಣ್ಣೆಗಾಯಿ

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಬದನೆಕಾಯಿ ಬೇಯುವ ವಾಸನೆ ಬಂತು. ಅದರ ಹಿಂದೆಯೇ ಬರಬೇಕಾಗಿದ್ದ ಹುರಿದ ಶೇಂಗಾದ ವಾಸನೆ ಬರಲಿಲ್ಲ. ಮೂಗು ಇನ್ನೂ ಚೆನ್ನಾಗಿದೆಯೆಂಬ ಜಂಬದಿಂದ ಎದ್ದುಹೋಗಿ ನೋಡಿದೆ. ಸೊಸೆ ಶೇಂಗಾಪುಡಿಯ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. ಒಲೆಯ ಮೇಲೆ ರಸ ತಿಳಿನೀರಿನಂತೆ ಕುದಿಯುತ್ತಿತ್ತು. “ಒಂದು ಒಣಾ ರೊಟ್ಟಿ ಪುಡಿ ಮಾಡಿ ಹಾಕವಾ” ಎಂದೆ. ಸುಣ್ಣ ಹಾಕೆಂದವಳನ್ನು ನೋಡುವಂತೆ ನನ್ನನ್ನು ನೋಡಿದಳು. ನೀವೂ ಹಾಗೇ ನೋಡುತ್ತಿದ್ದರೆ ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಾನು ನರಗುಂದದಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ನನ್ನ ಅಡುಗೆಯ ಬಗ್ಗೆ ನಮ್ಮವ್ವ ಬೀಗರಿಗೆ ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ತಾಯಿಕರುಳು. ಮಾವ ನೇಕಾರರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ತನಕ ಏಳುತ್ತಿರಲಿಲ್ಲ, ಶೇಂಗಾ ತಿನ್ನುವ ಆಸೆಯಾದಾಗ ಮಾತ್ರ ಏಳುತ್ತಿದ್ದರು. ಬೆಲ್ಲದ ಚೂರಿನ ಜೊತೆ ಹಿಡಿಗಟ್ಟಲೆ ತಿನ್ನುತ್ತಿದ್ದರು. ಅದಕ್ಕೇ ಅತ್ತೆ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಪುಟಾಣಿ ಎಲ್ಲವನ್ನೂ ಕಟ್ಟಿಗೆಯ ಸಂದೂಕದಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಕೇಳಿದರೆ “ಇಲಿ ಕಾಟ ಭಾಳ ಐತಿ” ಎನ್ನುತ್ತಿದ್ದರು. ಆ ಇಲಿ ಮಗ್ಗದ ಕಡೆಯಿಂದ ಕೆಮ್ಮುತ್ತಿತ್ತು.

ಒಂದು ದಿನ ಅತ್ತೆ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಸೂಡಿಗೆ ಹೊರಟರು. ಎರಡು ದಿನ ಬಿಟ್ಟು ಬರುವವರು. ಮೊದಲ ಸಲ ಅಡುಗೆಮನೆ ನನ್ನ ಕೈಗೆ ಬಂತು. ಅವರು ಹೋದ ಮೇಲೆ ಗೊತ್ತಾಯಿತು, ಸಂದೂಕದ ಕೀಲಿಕೈ ಅವರ ಎಲೆ-ಅಡಿಕೆ ಚೀಲದಲ್ಲಿ ಕೂತು ತಾನೂ ಕುಬಸಕ್ಕೆ ಹೋಗಿದೆ ಎಂದು. ಇರಲಿ, ಉಣ್ಣುವವರು ಮಾವ ಮತ್ತು ನನ್ನ ಗಂಡ, ಏನು ಬಡಿಸಿದರೂ ಆದೀತು ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು.

“ತಮ್ಮಾ, ಅದೀಯೇನೋ?”

ರೋಣದತ್ತಿ! ರೋಣದಲ್ಲಿದ್ದ ಮಾವನ ಅಕ್ಕ. ಹೆಣ್ಣು ನೋಡಲು ಬಂದಾಗ “ನರಗುಂದದವರ ಪಲ್ಯೆ ಅಂದ್ರ ನೀರಾಗ ಬದನಿಕಾಯಿ ಈಸ್ತಿರ್ತಾವ” ಎಂದು ನಮ್ಮಪ್ಪನ ಎದುರಿಗೇ ನಕ್ಕವರು. ಇಡೀ ಅಡಿಕೆಯನ್ನು ಹಲ್ಲಿನಲ್ಲೇ ಒಡೆಯುತ್ತಾರೆಂದು ಬಳಗದಲ್ಲೆಲ್ಲ ಹೆಸರು. ಅವರು ಹೊಸಿಲ ಬಳಿ ಕೂತು ಮಗ್ಗದಲ್ಲಿದ್ದ ತಮ್ಮನೊಡನೆ ಮಾತಿಗೆ ತೊಡಗಿದರು. ಪಕ್ಕದ ಮನೆಯಿಂದ ಒಂದು ಹಿಡಿ ಶೇಂಗಾ ತರುವ ದಾರಿಯೂ ಮುಚ್ಚಿತು.

ಉಣ್ಣುವವರು ಒಬ್ಬರು ಹೆಚ್ಚಾದರೆಂಬ ಗಾಬರಿಯಲ್ಲಿ ಒಲೆಯ ಮೇಲಿದ್ದ ಎಣ್ಣೆಗಾಯಿಯ ರಸಕ್ಕೆ ಒಂದು ತಂಬಿಗೆ ನೀರು ಸುರಿದೆ. ನೋಡಿದರೆ ಬದನೆಕಾಯಿಗಳು ನಿಜವಾಗಿಯೂ ಈಸುತ್ತಿದ್ದವು. ನಮ್ಮಪ್ಪನ ಮುಖ ಕಣ್ಣ ಮುಂದೆ ಬಂತು. ಜೋಳದ ಹಿಟ್ಟು ಹಾಕಿದೆ. ಅದು ಗಂಟಾಗಿ, ಗಂಟುಗಳೂ ಈಸತೊಡಗಿದವು. ನೂಲಿಗೆ ಹಚ್ಚಲು ಮಾವ ಕಾಯಿಸಿಟ್ಟಿದ್ದ ಗಂಜಿಯ ಬೋಗುಣಿಯನ್ನೂ ಒಮ್ಮೆ ನೋಡಿದೆ. ಬರೀ ನೋಡಿದೆ, ಅಷ್ಟೇ, ನೀವು ನಂಬಬೇಕು.

ಕೊನೆಗೆ ಬುಟ್ಟಿಯಲ್ಲಿದ್ದ ಒಣ ಜೋಳದ ರೊಟ್ಟಿ ಕಣ್ಣಿಗೆ ಬಿತ್ತು. ಗಂಟುಗಳನ್ನು ಸೌಟಿನಿಂದ ಎತ್ತಿ ಚೆಲ್ಲಿದೆ. ರೊಟ್ಟಿಯನ್ನು ಕೆಂಡದ ಮೇಲೆ ಇನ್ನಷ್ಟು ಗರಿಗರಿ ಮಾಡಿ, ಸುಟ್ಟ ಉಳ್ಳಾಗಡ್ಡಿಯ ಜೊತೆ ಒರಳಿಗೆ ಹಾಕಿ ಕುಟ್ಟಿದೆ.

“ಏನವಾ ಕುಟ್ಟಾಕತ್ತೀ?” ಹೊಸಿಲಿನಿಂದ ರೋಣದತ್ತಿ ಕೇಳಿದರು.

“ಶೇಂಗಾ ರೀ ಅತ್ತಿ.”

ಮಗ್ಗದ ಸಪ್ಪಳ ಥಟ್ಟನೆ ನಿಂತಿತು. ಶೇಂಗಾ ಎಲ್ಲಿಂದ ಬಂತೆಂದು ಮಾವನಿಗೆ ಸೋಜಿಗವಾಗಿರಬೇಕು.

ರೊಟ್ಟಿಪುಡಿ ಬಿದ್ದು ಕುದಿಯುತ್ತಿದ್ದಂತೆ ರಸ ಮಂದವಾಗಿ ಬದನೆಕಾಯಿಗೆ ಅಂಟಿಕೊಂಡಿತು. ರೋಣದತ್ತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಂದು ತುತ್ತು ಇಟ್ಟುಕೊಂಡರು. ಕಣ್ಣು ಮುಚ್ಚಿದರು. ತೆರೆದು ನನ್ನನ್ನೇ ನೋಡಿದರು. ನನ್ನ ಗಂಡ ಏನೂ ತಿಳಿಯದೆ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಆ ಗುಣ ಅವರಿಗೆ ಕೊನೆಯತನಕ ಇತ್ತು.

“ಇನ್ನೊಂದೀಟು ಹಾಕವಾ” ಎಂದರು ರೋಣದತ್ತಿ. ಹೀಗೆ ಮೂರು ಸಲ ಹಾಕಿಸಿಕೊಂಡರು. ಆದರೆ ತಟ್ಟೆ ಎತ್ತುವಾಗ ನೋಡುತ್ತೇನೆ, ಅವರಿಗೆ ಬಡಿಸಿದ್ದ ರೊಟ್ಟಿಯ ಚೂರುಗಳೆಲ್ಲ ತಟ್ಟೆಯ ಕೆಳಗೆ ಅಡಗಿದ್ದವು.

ಗಂಡಸರು ಎದ್ದುಹೋದ ಮೇಲೆ ಅವರು ಅಡುಗೆಮನೆಗೆ ಬಂದರು. ನಾನು ಒರಳಿಗೆ ಅಡ್ಡ ನಿಂತೆ.

“ಅದು ಶೇಂಗಾ ಅಲ್ಲ,” ಎಂದರು. “ರೊಟ್ಟಿ.”

“ತಪ್ಪಾತ್ರೀ ಅತ್ತಿ. ಸಂದೂಕಕ್ಕ ಕೀಲಿ ಬಿದ್ದಿತ್ರಿ...”

ಅವರು ಸೆರಗು ಸರಿಸಿ ಬಾಯಿ ತೆರೆದರು. ಒಂದು ಹಲ್ಲೂ ಇರಲಿಲ್ಲ.

“ರೊಟ್ಟಿ ರುಚಿ ನಾಲಿಗಿ ಕಂಡು ವರ್ಷ ಆತು. ಸೊಸ್ತ್ಯಾರ ಮುಂದ ಹಲ್ಲಿಲ್ಲಂತ ಹ್ಯಾಂಗ ಹೇಳ್ಲಿ? ಇಡೀ ಅಡಿಕಿ ಒಡದಾಕಿ ನಾನು! ಇವತ್ತ ಉಪಾಸ, ನಾಳೆ ಪಿತ್ತ ಅಂತ ಹೇಳಿ ನುಚ್ಚು ಕುಡದು ಏಳ್ತೀನಿ. ನಾಳಿನೂ ಹಿಂಗ ಮಾಡು. ನೀ ನನ್ನ ಬಾಯಿ ಸುದ್ದಿ ಎತ್ತಬ್ಯಾಡ, ನಾ ನಿನ್ನ ಶೇಂಗಾದ ಸುದ್ದಿ ಎತ್ತಂಗಿಲ್ಲ.”

ನಮ್ಮಪ್ಪನನ್ನು ನೋಡಿ ನಕ್ಕವರು ಇವರೇ ಎಂಬ ಸಿಟ್ಟು ಅಷ್ಟು ದಿನ ನನ್ನೊಳಗೆ ಇತ್ತು. ಆ ಬೊಚ್ಚುಬಾಯಿ ಕಂಡ ಮೇಲೆ ಹುಡುಕಿದರೂ ಸಿಗಲಿಲ್ಲ.

ಒಂದು ದಿನಕ್ಕೆಂದು ಬಂದವರು ಎಂಟು ದಿನ ನಿಂತರು. ಅಷ್ಟರಲ್ಲಿ ಅತ್ತೆ ಸೂಡಿಯಿಂದ ಬಂದು, ಕೀಲಿ ತೆಗೆದು, ಶೇಂಗಾ ಕೊಬ್ಬರಿ ಸುರಿದು ಎಣ್ಣೆಗಾಯಿ ಮಾಡಿದರು. ರೋಣದತ್ತಿ ರುಚಿ ನೋಡಿ, “ಚಲೋ ಐತಿ. ಆದ್ರ ಈ ಹುಡಿಗೀದು ಬ್ಯಾರೇನ ಬಿಡು” ಎಂದರು. ಅತ್ತೆಗೆ ಮೈಯೆಲ್ಲ ಉರಿ. ಏನು ಹಾಕಿದ್ದೆ ಎಂದು ತಿಂಗಳುಗಟ್ಟಲೆ ಕೇಳಿದರು. ತಾವೇ ಎಳ್ಳು ಹಾಕಿ ನೋಡಿದರು, ಗಸಗಸೆ ಹಾಕಿ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ರೋಣದತ್ತಿ ವರ್ಷಕ್ಕೆರಡು ಸಲವಾದರೂ ಬರುತ್ತಿದ್ದರು. ಒಮ್ಮೆ ನಮ್ಮಪ್ಪನೂ ನರಗುಂದದಿಂದ ಬಂದಿದ್ದ. ಎಲ್ಲರೆದುರು ರೋಣದತ್ತಿ ಅವನಿಗೆ, “ಬೀಗರ, ನಿಮ್ಮ ಮಗಳ ಕೈಯಾಗಿನ ಪಲ್ಯೆ ಉಣ್ಣಾಕಂತನ ಬಸ್ ಹತ್ತಿ ಬರ್ತೀನ್ರಿ” ಎಂದರು. ಅಪ್ಪ, ಸರಿಯಾಗಿಯೇ ಇದ್ದ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ.

ಇವತ್ತು ಇದನ್ನೆಲ್ಲ ಸೊಸೆಗೆ ಹೇಳುವ ಹುರುಪಿನಲ್ಲಿ ಇನ್ನೊಂದು ಮಾತೂ ಬಾಯಿಂದ ಬಂದುಬಿಟ್ಟಿತು. ರೊಟ್ಟಿ ತಿಂದರೆ ಹೊಟ್ಟೆ ಭಾರವಾಗುತ್ತದೆಂದು ಎರಡು ವರ್ಷದಿಂದ ನಾನು ಹೇಳುತ್ತಿರುವುದು ಸುಳ್ಳು. ಹೊಟ್ಟೆ ಗಟ್ಟಿಯಿದೆ, ದವಡೆ ಹಲ್ಲುಗಳೇ ಉಳಿದಿಲ್ಲ ಎಂದೆ.

ಅವಳು ರಸ ತಿರುವುತ್ತಲೇ, “ಗೊತ್ತೈತ್ರಿ ಅತ್ತಿ. ಅದಕ್ಕ ಅನ್ನ ಅಷ್ಟು ಮೆತ್ತಗ ಮಾಡ್ತೀನಲ್ರಿ” ಎಂದಳು.

ಈ ಎರಡು ವರ್ಷದಲ್ಲಿ, ಅನ್ನ ಮುದ್ದೆ ಮಾಡಿದ್ದೀ ಎಂದು ನಾನು ಅವಳನ್ನು ಬೈಯದ ದಿನವಿಲ್ಲ. ಇವತ್ತು ಬೈಯಲಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ.