ಗೊಂಬೆಯ ಸೆರಗಿನ ಹಳದಿ ತೇಪೆ

ಇಂಥ ಕಥೆ ಹೇಳುವವರನ್ನು ಕಂಡರೆ ನಾನು ಮೊದಲೆಲ್ಲ ನಗುತ್ತಿದ್ದೆ. ದೆವ್ವಕ್ಕೆ ಆಧಾರ್ ಕಾರ್ಡ್ ಮಾಡಿಸಿದ್ದೀರಾ ಎಂದು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಿದ್ದೆ. ಈಗ ನನ್ನ ಸರದಿ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಚಳ್ಳಕೆರೆಯ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಅವ್ವನ ತವರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆ. ಮಗ್ಗಕ್ಕೆ ಹಾಸಿದ ನೂಲು ಮುಗಿದು ಸೀರೆ ಕತ್ತರಿಸಿಕೊಂಡ ಮೇಲೆ ಮಗ್ಗದಲ್ಲಿ ಗೇಣುದ್ದ ಬಟ್ಟೆ ಉಳಿಯುತ್ತಿತ್ತಂತೆ. ಅದು ಹೆಣ್ಣುಮಕ್ಕಳ ಗೊಂಬೆಗೆ. ಅವ್ವನಿಗೂ ಅವಳ ತಂಗಿ ಪದ್ದಿಗೂ ಸೇರಿ ಇದ್ದದ್ದು ಒಂದೇ ಮರದ ಗೊಂಬೆ. ಆರು ವರ್ಷದ ಪದ್ದಿ ಜ್ವರದಲ್ಲಿ ತೀರಿಕೊಂಡಾಗ ಗೊಂಬೆಯನ್ನೂ ಅವಳ ಜೊತೆಗೇ ಮಣ್ಣು ಮಾಡಿದರು.

ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಅವ್ವನಿಗೆ ಒಂದೇ ಆಸೆ. "ಆ ಗೊಂಬೆನ ಒಂದ್ಸಲ ಬರ್ದು ತೋರ್ಸಪ್ಪ."

ಅವಳು ಹೇಳುತ್ತಾ ಹೋದಳು, ನಾನು ಜಲವರ್ಣದಲ್ಲಿ ಬರೆಯುತ್ತಾ ಹೋದೆ. ಮೊಣಕೈವರೆಗಿನ ಕುಪ್ಪಸ, ಕಚ್ಚೆ ಹಾಕಿ ಉಡಿಸಿದ ಕೆಂಪು ಸೀರೆ, ಹಸಿರು ಅಂಚು, ಮುಖಕ್ಕಿಂತ ದೊಡ್ಡದೆನಿಸುವ ನತ್ತು. ಕೊನೆಗೆ ಸೆರಗಿನ ತುದಿಯಲ್ಲಿ ಒಂದು ಪುಟ್ಟ ಹಳದಿ ತೇಪೆ ಬರೆದೆ. ಅದನ್ನು ಅವ್ವ ಹೇಳಿರಲಿಲ್ಲ. ಕೈ ತಾನಾಗಿ ಹೋಗಿತ್ತು.

ಬಿಸಿಲಿಗೆ ಒಣಗಿಸಿ ಕೊಟ್ಟೆ. ನಗುತ್ತಾ ನೋಡುತ್ತಿದ್ದ ಅವ್ವನ ಕಣ್ಣು ಸೆರಗಿನ ತುದಿಗೆ ಬಂದು ನಿಂತುಬಿಟ್ಟಿತು.

"ಇದನ್ನ ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲವ್ವ. ಯಾಕೆ?"

"ಇಲ್ಲೇ ಸುಟ್ಟಿತ್ತು ಕಣೋ. ಬುಡ್ಡಿ ದೀಪಕ್ಕೆ ಹಿಡ್ದು ನಾನೇ ಸುಟ್ಟಿದ್ದೆ. ಪದ್ದಿ ಸುಟ್ಳು ಅಂದ್ಬಿಟ್ಟೆ. ಅಪ್ಪ ಅವಳಿಗೆ ಹೊಡ್ದ. ವಾರದೊಳಗೆ ಹೋದ್ಲು. ಇವತ್ತಿನವರೆಗೂ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ."

ಮಗುವಾಗಿದ್ದಾಗ ಹೇಳಿದ ಒಂದು ಸುಳ್ಳನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದಳಲ್ಲ ಎಂದು ಸಂಕಟವಾಯಿತು.

"ಆಮೇಲೆ ನೀನೇ ತೇಪೆ ಹಾಕಿದ್ಯಾ?" ಎಂದೆ.

"ಇಲ್ಲ. ಮಣ್ಣಿಗೆ ಇಡೋವಾಗ್ಲೂ ತೂತು ಹಂಗೇ ಇತ್ತು." ಅವ್ವ ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ತಂದಳು. ತೇಪೆಯ ಮೇಲೆ ಬೆರಳಿಟ್ಟು, "ಪದ್ದಿಗೆ ಹಳದಿ ಲಂಗ ಹಾಕಿ ಮಲಗ್ಸಿದ್ರು," ಎಂದಳು.

ಆಮೇಲೆ ಇದ್ದಷ್ಟು ದಿನವೂ ಅವ್ವ ತಂಗಿಯ ಹೆಸರನ್ನು ನಗುತ್ತಲೇ ಹೇಳುತ್ತಿದ್ದಳು. ಈಗ ಅವ್ವ ಇಲ್ಲ, ಚಿತ್ರ ನನ್ನ ಗೋಡೆಯ ಮೇಲಿದೆ. ಮಿಕ್ಕೆಲ್ಲ ಚಿತ್ರಗಳಿಗೆ ಸಹಿ ಹಾಕಿದ್ದೇನೆ, ಇದಕ್ಕೆ ಹಾಕಿಲ್ಲ. ಗೊಂಬೆಯನ್ನು ಬರೆದವನು ನಾನೇ. ಆ ತೇಪೆ ನನ್ನದೆಂದು ಹೇಳಲು ಇವತ್ತಿಗೂ ಬಾಯಿ ಬರುವುದಿಲ್ಲ.