ಎಲ್ಲಿಗೆ ಅಂತ ಕೇಳುವ ನೌಕರಿ

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಆದರೆ ನನಗೆ ಸಂಬಳ ಕೊಡುತ್ತಿದ್ದದ್ದೇ ಅದನ್ನು ಕೇಳಲಿಕ್ಕೆ. ಇಂಡಿಯಿಂದ ಮುದ್ದೇಬಿಹಾಳದ ಕಡೆಗೆ ಹೊಸ ಹೆದ್ದಾರಿ, ಅದರ ಮಗ್ಗುಲಲ್ಲೇ ಗೂಡ್ಸ್ ರೈಲಿನ ಹಳಿ ಹಾಕುವ ಯೋಚನೆ ನಡೆದಿತ್ತು. ಯಾವ ಮಾಲು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯದೆ ಗೂಡ್ಸ್ ಸ್ಟೇಷನ್ ಯಾವ ಊರಿಗೆ ಬೇಕು ಅಂತ ಹೇಳುವುದು ಹೇಗೆ?

ಸಿಂದಗಿ ರಸ್ತೆಯ ಒಂದು ಕ್ರಾಸಿನಲ್ಲಿ, ನಿಂಬೆಹಣ್ಣಿನ ಚೀಲ ತುಂಬಿದ ಪಿಕಪ್ಪಿಗೆ ಕೈ ಮಾಡಿದೆ. ಡ್ರೈವರನ ಪಕ್ಕ ತೋಟದ ಯಜಮಾನತಿ ಕೂತಿದ್ದರು.

"ಎಲ್ಲಿಗಿ ಹೊಂಟೀರಿ ಯವ್ವಾ?"

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ಕೇಳೇ ಬಿಟ್ಟೆಲ್ಲೋ ತಮ್ಮಾ." ಡ್ರೈವರನಿಗೆ, "ಗಾಡಿ ಬಾಜೂಕ ಹಚ್ಚು. ಕುಂತು ನೀರ ಕುಡದು ಹೋಗೂಣು."

ಬೇವಿನ ಮರದ ಕೆಳಗೆ ಕೂತರು. ಹಿಂದೆ ಬಂದ ತೊಗರಿ ಲಾರಿಯವನೂ ನಾನು ಅದನ್ನೇ ಕೇಳಿದ ತಕ್ಷಣ ಇಳಿದು ಕೂತ. ಅರ್ಧ ತಾಸಿನಲ್ಲಿ ಅಲ್ಲೊಂದು ಸಣ್ಣ ಸಂತೆಯೇ ನೆರೆಯಿತು. ಚಹಾದಂಗಡಿಯವನೊಬ್ಬನೇ ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದ.

ಏಳುವಾಗ ಯಜಮಾನತಿಯೇ ಉಪಾಯ ಹೇಳಿದರು. "ದೂರ ಹೊಂಟೀರೇನ್ರಿ ಅಂತ ಕೇಳಪಾ. ಊರ ಹೆಸರ ಅವರ ಹೇಳ್ತಾರ."

ಹಾಗೇ ಕೇಳಿದೆ. ಜನ ಊರಿನ ಹೆಸರಷ್ಟೇ ಅಲ್ಲ, ಅಲ್ಲಿನ ಬೀಗರ ಸುದ್ದಿಯನ್ನೂ ಹೇಳಿದರು.

ಆದರೆ ಆ ಮೊದಲಿನ ಸಂತೆಯನ್ನು, ಗಾಡಿ ಎಣಿಸಲಿಕ್ಕೆ ಅಂತ ಕಂಬದ ಮೇಲೆ ಕೂರಿಸಿದ್ದ ನಮ್ಮ ಕ್ಯಾಮೆರಾ ನೋಡಿಬಿಟ್ಟಿತ್ತು. ಗಾಡಿಗಳೆಲ್ಲ ಇಲ್ಲೇ ನಿಲ್ಲುತ್ತವೆ ಅಂದುಕೊಂಡು ನಮ್ಮ ಸಾಹೇಬರು ನಕ್ಷೆಯಲ್ಲಿ ಅಲ್ಲೊಂದು ಲಾರಿ ತಂಗುದಾಣ ಗುರುತು ಹಾಕಿದ್ದರು. ನಡೆದದ್ದನ್ನು ಹೇಳಿದೆ. ನಕ್ಕರು, ಅಳಿಸಲಿಲ್ಲ.

"ಇರ್ಲಿ ಬಿಡೋ. ಹೊಸ ರಸ್ತೇದಾಗೂ ಯಾರರೆ ಎಲ್ಲಿಗಿ ಅಂತ ಕೇಳೇ ಕೇಳ್ತಾರ. ಕುಂದ್ರಾಕ ಜಾಗಾ ಬೇಕಲ್ಲ."