ನೂರು ಗೊಂಚಲು, ಹನ್ನೆರಡೂವರೆ ಬಾಕ್ಸ್

ಇವತ್ತು ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಬಣ್ಣದ ಚೀಟಿಯೊಂದು ಜಾರಿ ಬಿತ್ತು. ಹೊಸ ಇಂಟರ್ನೆಟ್ ಜಾಹೀರಾತು. ಅಂಗೈಯಗಲದ ಅಕ್ಷರದಲ್ಲಿ ‘೩೦೦ ಸ್ಪೀಡ್’ ಎಂದಿತ್ತು. ಮುನ್ನೂರು ಏನು ಎಂದು ಎಲ್ಲೂ ಬರೆದಿರಲಿಲ್ಲ. ಹರಿದು ಎಸೆದೆ.

ಮೂರು ವರ್ಷದ ಹಿಂದೆ ನಾನು ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲಿನ ಮನೆಗಳಿಗೆ ಇಂಟರ್ನೆಟ್ ವಾಯರು ಎಳೆದು, ಕೆಟ್ಟರೆ ಸರಿಮಾಡುತ್ತಿದ್ದವರನ್ನು ಎಲ್ಲರೂ ಕೇಬಲ್ ಕಾಕಾ ಎನ್ನುತ್ತಿದ್ದೆವು. ಸಾರವಾಡದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಹೆಗಲಿಗೆ ಕಪ್ಪು ವಾಯರಿನ ಸುರುಳಿ, ಜೇಬಿನಲ್ಲಿ ಟೆಸ್ಟರ್. ಓದಿದ್ದು ಏಳನೆಯ ಇಯತ್ತೆ. ನಾನು ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದನ್ನು ಅವರು ಅರ್ಥ ಮಾಡಿಕೊಂಡಿದ್ದರು. ಕಂಪನಿ ಹೇಳುವ ವೇಗ ಬಿಟ್ಟಿನ ಲೆಕ್ಕ. ಫೈಲು ಇಳಿಯುವಾಗ ಪರದೆಯ ಮೇಲೆ ಕಾಣುವುದು ಬೈಟಿನ ಲೆಕ್ಕ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ನೂರು ಮೆಗಾಬಿಟ್ಟಿನ ಲೈನಿನಲ್ಲಿ ಹನ್ನೆರಡೂವರೆ ಮೆಗಾಬೈಟ್ ಬಂದರೆ ಪೂರಾ ಬಂದಂತೆ.

ಮನೆ ಮಾಲೀಕರು ತಿಕೋಟಾದ ದ್ರಾಕ್ಷಿ ವ್ಯಾಪಾರಿ, ಮಹಡಿಯ ಮೇಲಿದ್ದರು. ಇಬ್ಬರಿಗೂ ಒಂದೇ ಲೈನು. ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನಲ್ಲಿ ಫೈಲೊಂದು ಇಳಿಯುವುದನ್ನು ನೋಡಿದರು. ವೇಗ ಹನ್ನೆರಡು ಎಂದಿತ್ತು. ಅವರು ತೆಗೆದುಕೊಂಡದ್ದು ‘೧೦೦ ಸ್ಪೀಡ್’. ಕೆರಳಿ ಕಂಪನಿಗೆ ಫೋನ್ ಹಚ್ಚಿದರು. ಅರ್ಧ ತಾಸಿನಲ್ಲಿ ಕಾಕಾ ಬಂದು ನಿಂತರು.

“ನೂರು ಅಂತ ಹೇಳಿ ಹನ್ನೆರಡು ಕೊಡ್ತೀರಿ? ಉಳಿದದ್ದು ನಿಮ್ಮ ಮಾವನ ಮನಿಗೆ ಹೋಗತೈತೇನು?”

“ಸಾವ್ಕಾರ್ರ, ನೂರು ಗೊಂಚಲ ಅದಾವು ಅಂತ ತಿಳೀರಿ. ಬಾಕ್ಸಿಗೆ ಎಂಟೆಂಟು ಹಾಕಿದ್ರ ಹನ್ನೆರಡೂವರಿ ಬಾಕ್ಸ್ ಆಗತಾವು. ಗೊಂಚಲ ಎಲ್ಲಿ ಕಡಿಮಿ ಆದವ್ರಿ?”

“ನಾ ನೂರು ಬಾಕ್ಸ್ ಮಾತಾಡೀನಿ, ಗೊಂಚಲ ಅಲ್ಲ! ನನಗ ದ್ರಾಕ್ಷಿ ಲೆಕ್ಕ ಕಲಿಸಾಕ ಬಂದೀಯೇನ್ಲೇ?”

ಕಾಕಾ ನಕ್ಕು ನನ್ನತ್ತ ತಿರುಗಿದರು. “ನೀವರ ಹೇಳ್ರಿ ಸರ. ಕಲ್ತವರದೀರಿ.”

ನಾನು ಹೇಳಲಿಲ್ಲ. ಮುಂದಿನ ತಿಂಗಳು ಬಾಡಿಗೆ ಕರಾರು ಮುಗಿಯುವುದಿತ್ತು. ಮಾಲೀಕರ ಎದುರು ‘ತಪ್ಪು ನಿಮ್ಮದೇ’ ಎನ್ನಲು ನಾಲಿಗೆ ಏಳಲಿಲ್ಲ. “ಒಮ್ಮೆ ನೋಡಿಬಿಡ್ರಿ ಕಾಕಾ” ಎಂದೆ.

ಕಾಕಾ ಕಂಪನಿಗೆ ಫೋನ್ ಹಚ್ಚಿದರೆ ಮೇಲ್ವಿಚಾರಕ ಇನ್ನೂ ಗಟ್ಟಿಯಾಗಿ ಕೂಗಿದ. ಗಿರಾಕಿಗೆ ಸಮಾಧಾನವಾಗದೆ ದೂರು ಮುಗಿಯುವುದಿಲ್ಲ, ಕಂಬದ ಮೇಲಿನ ಜೋಡಣೆ ಬದಲಿಸು, ಆಗದಿದ್ದರೆ ನಾಳೆಯಿಂದ ಬರಬೇಡ. ಬಡಾವಣೆಯ ಇಂಟರ್ನೆಟ್ ವಾಯರನ್ನು ಕರೆಂಟಿನ ಕಂಬಕ್ಕೇ ಕಟ್ಟಿದ್ದರು. ಬೆಳಗಿನ ಮಳೆಗೆ ಕಂಬ ಇನ್ನೂ ಹಸಿಯಿತ್ತು. “ಕರೆಂಟ್ ತೆಗೆಸೂತನಕ ಒಂದ್ ತಾಸು ತಡೀರಿ ಸಾವ್ಕಾರ್ರ” ಎಂದು ಕಾಕಾ ಬೇಡಿಕೊಂಡರು. ಮಾಲೀಕರು ಕೈಗಡಿಯಾರ ನೋಡಿದರು. ಕಾಕಾ ಚಪ್ಪಲಿ ಬಿಟ್ಟು ಏಣಿ ಹತ್ತಿದರು...

ಚಟ್ಟೆಂದು ಒಂದು ಸದ್ದು. ಮೈ ಸೆಟೆದದ್ದು, ಏಣಿ ವಾಲಿದ್ದು, ಅವರು ಕಂಪೌಂಡಿನ ಗೋಡೆಗೆ ಬಡಿದು ಬಿದ್ದದ್ದು... ಓಡಿದೆ. ಮುಟ್ಟಿದರೆ ನನಗೂ ಹೊಡೆದೀತೆಂದು ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟೆ. ಆ ಎರಡು ಹೆಜ್ಜೆಯನ್ನು ಇಂದಿಗೂ ದಿನಾ ಮನಸ್ಸಿನಲ್ಲಿ ದಾಟುತ್ತೇನೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ಹೋಗಿದ್ದರು. ಮರಳಿ ಬಂದಾಗ ನನ್ನ ಫೈಲು ಪೂರ್ತಿ ಇಳಿದು ಕುಳಿತಿತ್ತು.

ಮೂರನೆಯ ದಿನಕ್ಕೆ ಮಾಲೀಕರು “ಅವನ ಹಣೀಬರಹ” ಎಂದು ಕೈ ತೊಳೆದುಕೊಂಡರು. ಹಣೆಬರಹವಂತೆ! ಗೊಂಚಲಿಗೂ ಬಾಕ್ಸಿಗೂ ಇರುವ ವ್ಯತ್ಯಾಸದ ಮೇಲೇ ಮನೆ ಕಟ್ಟಿದ ಮನುಷ್ಯನಿಗೆ ಆ ಲೆಕ್ಕ ತಿಳಿಯಲಿಲ್ಲವೆಂದರೆ ನಾನು ನಂಬುವುದಿಲ್ಲ. ಕಂಬ ಹತ್ತುವವನ ಬಾಯಿಂದ ತಿಳಿದುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಬರೀ ಅಂಕಿ ಅಚ್ಚು ಹಾಕಿಸುವ ಕಂಪನಿಯವರಿಗಂತೂ ಗಿರಾಕಿ ತಪ್ಪು ತಿಳಿದರೇ ಲಾಭ. ಇನ್ನು ನಾನು... ಯಾವ ಮನೆಗಾಗಿ ಬಾಯಿ ಮುಚ್ಚಿಕೊಂಡೆನೋ ಆ ಮನೆಯಲ್ಲಿ ವಾರವೂ ಇರಲಾಗಲಿಲ್ಲ.

ಮಣ್ಣಿಗೆಂದು ಸಾರವಾಡಕ್ಕೆ ಹೋಗಿದ್ದೆ. ಕಾಕಾನ ಹೆಂಡತಿ ಅಳು ನಿಲ್ಲಿಸಿ ನನ್ನನ್ನು ಕೇಳಿದರು: “ನೀವು ಅಲ್ಲೇ ಇದ್ರಂತಲ್ರಿ ಯಪ್ಪಾ. ಲೈನಿನ್ಯಾಗ ಏನ್ ಕೆಟ್ಟಿತ್ರಿ?”

ಏನೂ ಕೆಟ್ಟಿರಲಿಲ್ಲ. “ಏನೋ ಸಣ್ಣ ರಿಪೇರಿ ಇತ್ತವ್ವಾ” ಎಂದೆ.

ಬಬಲೇಶ್ವರದ ಕಡೆ ಹೋಗುವಾಗಲೆಲ್ಲ ದಾರಿಯಲ್ಲಿ ಸಾರವಾಡಕ್ಕೆ ಇಳಿದು ಆಕೆಗೆ ನಿಜ ಹೇಳಬೇಕೆಂದುಕೊಳ್ಳುತ್ತೇನೆ. ಇಳಿದಿಲ್ಲ. ಗಂಡ ಕೆಲಸ ಮಾಡುತ್ತ ಸತ್ತರೆಂದೇ ಆಕೆ ಇವತ್ತಿಗೂ ತಿಳಿದಿದ್ದಾರೆ. ಅಲ್ಲಿ ಮಾಡುವ ಕೆಲಸವೇ ಇರಲಿಲ್ಲ.